2020ರಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಸೇವೆ: ಒಂದು ಪ್ರತಿಕ್ರಿಯೆ

ಮಾನ್ಯರೇ, ಕೊರೊನಾ ವರ್ಷದಲ್ಲಿ ಮೆಟ್ಟಿಲು ಹತ್ತಿ ಹರಕೆ ತೀರಿಸಿದವರ ದಿನ ಹೇಗಿತ್ತು ಎಂದು ಕೇಳಿದ್ದೀರಿ. ರಾಜ್ಯದ ದೇವಾಲಯಗಳು 2020ರ ಜೂನ್ 8ರಂದು ಮತ್ತೆ ತೆರೆದವು. ಆದರೆ ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಸಾರ್ವಜನಿಕರ ಪ್ರವೇಶವಿರಲಿಲ್ಲ. ನಾನು ಆಷಾಢಕ್ಕೆ ಮೊದಲೇ, ಜೂನ್ ಮಧ್ಯದ ಒಂದು ಬೆಳಗ್ಗೆ ಪಾದದಿಂದ ಹೊರಟೆ.

ಸಾವಿರಕ್ಕೂ ಹೆಚ್ಚಿನ ಆ ಮೆಟ್ಟಿಲುಗಳಲ್ಲಿ ಅರಿಶಿನ ಕುಂಕುಮ ಹಚ್ಚುತ್ತಾ ಏರುವವರು ಬೆರಳೆಣಿಕೆಯಷ್ಟಿದ್ದರು. ವಾಹನಗಳ ಸದ್ದು ಅಡಗಿದ್ದರಿಂದ ಕುರುಚಲು ಕಾಡಿನ ನವಿಲಿನ ಕೂಗು, ಒಣಗಿದೆಲೆಯ ಮೇಲೆ ಓತಿಕ್ಯಾತ ಸರಿದ ಸಪ್ಪಳವೂ ಸ್ಪಷ್ಟವಾಗಿ ಕೇಳುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ಏಕಶಿಲಾ ನಂದಿಯ ಮುಂದೆ, ಎಂದೂ ದೊರೆಯದ ಏಕಾಂತದಲ್ಲಿ, ಅರ್ಧ ಗಂಟೆ ಕುಳಿತೆ. ಮುಖಗವಸು ಧರಿಸಿ ಏರುವಾಗ ಉಸಿರು ಬೇಗ ಕಟ್ಟುತ್ತಿದ್ದುದರಿಂದ ಆಗಾಗ ನಿಲ್ಲಬೇಕಾಯಿತು.

ಮೇಲೆ ತೀರ್ಥ, ಪ್ರಸಾದಗಳಿರಲಿಲ್ಲ. ದೂರದಿಂದಲೇ ಕೈಮುಗಿದು, ಚಾಮುಂಡೇಶ್ವರಿಯ ಗುಡಿಗಿಂತಲೂ ಹಳೆಯದಾದ ಮಹಾಬಲೇಶ್ವರನ ಗುಡಿಯತ್ತ ನಡೆದೆ. ಪ್ರಸಾದವಿಲ್ಲದೆ ಹರಕೆ ಸಂದೀತೇ ಎಂಬ ನಿಮ್ಮ ತಾಯಿಯವರ ಅಳುಕು ನನಗೆ ಅರ್ಥವಾಗುತ್ತದೆ. ಮೆಟ್ಟಿಲು ಸೇವೆಯ ಹರಕೆ ಹತ್ತುವುದರಲ್ಲೇ ಸಲ್ಲುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಅವರಿಗೆ ದಯವಿಟ್ಟು ಹಾಗೆಂದು ತಿಳಿಸಿ.