ಸಂಪಾದಕರ ಉತ್ತರ: ಆ ಕರಡಿ ಏಳುವುದೇ ಇಲ್ಲ ಯಾಕೆ?

ಹೋದ ಸಂಚಿಕೆಯಲ್ಲಿ, ರಿಲಾಕ್ಕುಮ ಎಂಬ ಕರಡಿಯಿರುವ ಜಪಾನಿನ ಗೊಂಬೆ ಸರಣಿ 'ರಿಲಾಕ್ಕುಮ ಆ್ಯಂಡ್ ಕಾವೊರು' ನೋಡಿ ಎಂದು ಬರೆದಿದ್ದೆವು. ಅದಕ್ಕೆ ಓದುಗರೊಬ್ಬರು ಗರಂ ಆಗಿದ್ದಾರೆ. "ಮನೆ ತುಂಬಾ ಹರವಿಕೊಂಡ ಸಾಮಾನು, ದಿನವಿಡೀ ಬಿದ್ದುಕೊಂಡಿರುವ ಕರಡಿ. ಇದರಲ್ಲಿ ನಗೋದೇನಿದೆ? ಸೋಮಾರಿತನ ಕಲಿಸೋಕೆ ಪತ್ರಿಕೆ ಬೇಕಾ? ಆ ಅಂಕಣ ನಿಲ್ಲಿಸಿ."

ಸ್ವಾಮಿ, ಕರಡಿ ಶುದ್ಧ ಸೋಮಾರಿ, ಒಪ್ಪಿದೆ. ಅದರ ಜೊತೆ ಒಂದೇ ಮನೆಯಲ್ಲಿರುವ ಕಾವೊರು ಮಾತ್ರ ದಿನಾ ಟೋಕಿಯೊದ ಆಫೀಸಿಗೆ ಹೋಗಿ ದುಡಿಯುವವಳು. ಮನೆಗೆ ಬರುವಷ್ಟರಲ್ಲಿ ಅವಳಲ್ಲಿ ಏನೂ ಉಳಿದಿರುವುದಿಲ್ಲ, ಅಷ್ಟೇ. ಮೊದಲ ಕಂತಿನಲ್ಲೇ ನೋಡಿ: ಚೆರ್ರಿ ಹೂ ಅರಳಿದೆ. ಹಳೇ ಗೆಳತಿಯರ ಜೊತೆ ಮರದ ಕೆಳಗೆ ಕೂತು ಉಣ್ಣಬೇಕೆಂದು ಇವಳು ಕಾಯುತ್ತಾಳೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸ, ಯಾರೂ ಬರುವುದಿಲ್ಲ. ಇನ್ನೊಂದು ಕಡೆ, ಪಾರ್ಸೆಲ್ ತರುವ ಹುಡುಗ ಇಷ್ಟವಾದ ಅಂತ ಬೇಡದ ಸಾಮಾನನ್ನೆಲ್ಲ ಆನ್‌ಲೈನಿನಲ್ಲಿ ತರಿಸುತ್ತಾಳೆ. ನೀವು ಬೈದ ಆ ರಾಶಿಯ ಹಿಂದೆ ಇಂಥ ಪೆದ್ದು ಆಸೆಗಳಿವೆ. ನಗು ಬರುವುದು ಅಲ್ಲಿಯೇ. ನಕ್ಕ ಮೇಲೆ ಸ್ವಲ್ಪ ಮುಜುಗರವೂ ಆಗುತ್ತದೆ, ಯಾಕೆಂದರೆ ನಾವೂ ಸುಮ್ನೆ ಏನೇನೋ ತರಿಸಿಕೊಂಡವರೇ ಅಲ್ವಾ?

ಕರಡಿ ಅವಳಿಗೆ ಬುದ್ಧಿ ಹೇಳುವುದಿಲ್ಲ. ಪಕ್ಕದಲ್ಲಿ ಬಿದ್ದುಕೊಂಡು ಡಾಂಗೊ ಎಂಬ ಅಕ್ಕಿಹಿಟ್ಟಿನ ಉಂಡೆ ತಿನ್ನುತ್ತದೆ. ದಿನವಿಡೀ ಎಲ್ಲರಿಂದಲೂ ಹೇಳಿಸಿಕೊಂಡು ಬಂದವಳಿಗೆ ಅಂಥವರೊಬ್ಬರು ಬೇಕು. ಹಾಗಂತ ಮನೆಯಲ್ಲಿ ಶಿಸ್ತಿಲ್ಲ ಎನ್ನಬೇಡಿ. ಗುಡಿಸುವುದಕ್ಕೆ, ಗದರುವುದಕ್ಕೆ ಒಂದು ಹಳದಿ ಹಕ್ಕಿ ಇದೆ. ನಿಮ್ಮ ಪತ್ರ ಓದುವಾಗ ನನಗೆ ಆ ಹಕ್ಕಿಯೇ ಕಣ್ಣಮುಂದೆ ಬಂತು. ಬೇಜಾರಾಗಬೇಡಿ, ಅದೂ ನನಗೆ ತುಂಬಾ ಇಷ್ಟ.

ಇದು ಮಕ್ಕಳ ಗೊಂಬೆಯಾಟವೂ ಅಲ್ಲ. 2003ರಲ್ಲಿ ಸ್ಯಾನ್-ಎಕ್ಸ್ ಕಂಪನಿ ಈ ಕರಡಿಯನ್ನು ತಂದಾಗಿನಿಂದ ದೊಡ್ಡವರೂ ಅದನ್ನು ಹಚ್ಚಿಕೊಂಡಿದ್ದಾರೆ. 2019ರ ಈ ಸರಣಿಗೆ ಕತೆ ಬರೆದವರು ಸಿನಿಮಾ ನಿರ್ದೇಶಕಿ ನವೊಕೊ ಒಗಿಗಮಿ. ಗೊಂಬೆಗಳನ್ನು ಆಡಿಸಿದ್ದು ಡ್ವಾರ್ಫ್ ಸ್ಟುಡಿಯೊ. ಕರಡಿ ಸುಮ್ಮನೆ ಮಗ್ಗುಲು ಬದಲಿಸಬೇಕೆಂದರೂ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಫೋಟೊ ತೆಗೆಯಬೇಕು, ಮತ್ತೆ ಸರಿಸಬೇಕು, ಮತ್ತೆ ತೆಗೆಯಬೇಕು. ಆ ಸೋಮಾರಿಗಾಗಿ ಎಷ್ಟು ಜನ ಬೆನ್ನು ಬಗ್ಗಿಸಿ ದುಡಿದರೋ!

ಎಲ್ಲಾ 13 ಕಂತೂ ಒಂದೇ ಸಮ ಇಲ್ಲ. ಮಧ್ಯೆ ಒಂದೆರಡು ಸಪ್ಪೆ. ಅಂಕಣವನ್ನಂತೂ ನಿಲ್ಲಿಸುವುದಿಲ್ಲ. ಒಂದೊಂದು ಕಂತೂ ಕಾಫಿ ಕುಡಿದು ಮುಗಿಸುವಷ್ಟು ಹೊತ್ತಿನದು. ಪಾರ್ಸೆಲ್ ಹುಡುಗನ ಕತೆ ನೋಡಿ. ಆಮೇಲೂ ಕೋಪ ಇಳಿಯದಿದ್ದರೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.