ಪ್ರೊಫೆಸರ್ ಆಗದಿದ್ದರೆ ಮುಂದೇನು?

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹತ್ತಿ ತಳಿ ಮೇಲೆ ಪಿಎಚ್‌ಡಿ ಮುಗಿಸಿ, ಪೋಸ್ಟ್‌ಡಾಕ್ ಅಂತ, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನೆಗೆ, ಜರ್ಮನಿಗೆ ಬಂದು ನಾಲ್ಕು ತಿಂಗಳಾಗಿದೆ, ಕರಾರು ಎರಡೇ ವರ್ಷ. "ಅಕ್ಕಾರ, ಪ್ರೊಫೆಸರ್ ಆಗಲಿಲ್ಲ ಅಂದ್ರೆ ನಮ್ಮಂಥವರು ಇಲ್ಲಿ ಏನು ಮಾಡ್ತಾರೆ, ವಾಪಸ್ ಊರಿಗೇನಾ?" ಅಂತ ಕೇಳಿದ್ದೀಯ.

ನಾನೂ ಧಾರವಾಡದ ಮಾಳಮಡ್ಡಿಯವಳೇ. ಬಂದು ಹದಿನಾಲ್ಕು ವರ್ಷವಾಯಿತು. ಐದು ವರ್ಷ ಲ್ಯಾಬು, ಆಮೇಲೆ ಬೀಜದ ಕಂಪನಿ. ಅಪ್ಪ ಇವತ್ತಿಗೂ "ಅಷ್ಟು ಓದಿ ಬೀಜ ಮಾರಾಕ ಹೋದ್ಲು" ಅಂತಾರೆ. ಇರಲಿ.

ಮೊದಲು ಲೆಕ್ಕ ತಿಳಿದುಕೋ. ಪಿಎಚ್‌ಡಿ ಆದ ಮೇಲೆ ವಿಶ್ವವಿದ್ಯಾಲಯದವರು ಹೀಗೆ ತಾತ್ಕಾಲಿಕ ಕರಾರಿನಲ್ಲಿ ಇಟ್ಟುಕೊಳ್ಳುವುದಕ್ಕೆ ಇಲ್ಲಿನ ಕಾನೂನು ಸಾಮಾನ್ಯವಾಗಿ 6 ವರ್ಷದ ಮಿತಿ ಹಾಕಿದೆ. ಹೊರಗಿನ ಪ್ರಾಜೆಕ್ಟ್ ದುಡ್ಡಿದ್ದರೆ ಇನ್ನಷ್ಟು ಎಳೆಯಬಹುದು, ಆದರೆ ಕಾಯಂ ಹುದ್ದೆ ಬೆರಳೆಣಿಕೆ. ನನ್ನ ಜೊತೆಗಿದ್ದವರಲ್ಲಿ ಹಲವರು ಐದನೇ ವರ್ಷ ಕಣ್ಣು ಬಿಟ್ಟರು. ನೀನು ಈಗಲೇ ಕೇಳಿದ್ದು ಒಳ್ಳೇದಾಯಿತು.

ನನ್ನ ಮೊದಲ ಇಂಟರ್‌ವ್ಯೂ ಹೇಳುತ್ತೇನೆ. ಸಿವಿ ನಾಲ್ಕು ಪುಟ, ಅದರಲ್ಲಿ ಎರಡೂವರೆ ಪುಟ ಪೇಪರ್‌ಗಳ ಪಟ್ಟಿ. ಎದುರಿಗೆ ಕೂತವನು ಅದನ್ನು ಮಗುಚಿ ಇಟ್ಟು, "ಹೊಲದಲ್ಲಿ ಎಷ್ಟು ಪ್ಲಾಟ್ ನೋಡಿಕೊಂಡಿದ್ದೀರಿ, ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು?" ಅಂದ. ನನಗೆ ಬಾಯೇ ಬರಲಿಲ್ಲ. ಕೆಲಸವೂ ಸಿಗಲಿಲ್ಲ. ಆದರೆ ಪಿಎಚ್‌ಡಿ ಕಾಲದಲ್ಲಿ ರಾಣೆಬೆನ್ನೂರು ಕಡೆ ಮೂರು ಹಂಗಾಮು ಹೈಬ್ರಿಡ್ ಹತ್ತಿ ಬೀಜದ ಹೊಲ ನೋಡಿಕೊಂಡವಳು ನಾನು! ಮಧ್ಯಾಹ್ನ ಮೂರರ ಮೇಲೆ ಮೂವತ್ತು ಹೆಣ್ಣುಮಕ್ಕಳು ಸಾಲು ಹಿಡಿದು, ಮರುದಿನ ಅರಳುವ ಮೊಗ್ಗನ್ನೇ ಆರಿಸಿ, ಹೆಬ್ಬೆರಳಿನ ಉಗುರಿನಲ್ಲಿ ದಳ, ಗಂಡು ಕೇಸರ ಎಲ್ಲ ತಿರುವಿ ತೆಗೆದು, ಗುರುತಿಗೆ ಕೆಂಪು ಕಾಗದದ ಚೀಲ ಹಾಕುತ್ತಿದ್ದರು. ಬೆಳಿಗ್ಗೆ ಗಂಡು ತಳಿಯ ಹೂ ತಂದು ಮುಟ್ಟಿಸಬೇಕು. ಒಂದು ಕೇಸರ ಉಳಿದರೂ ಬೀಜ ಕಲಬೆರಕೆ. ಯಾರ ಸಾಲಿನಲ್ಲಿ ಎಷ್ಟು ತಪ್ಪು, ಮಳೆ ಬಂದರೆ ಏನು, ಅಮಾವಾಸ್ಯೆಗೆ ಯಾರು ಬರೋದಿಲ್ಲ, ಎಲ್ಲ ನನ್ನ ನೋಟ್‌ಬುಕ್‌ನಲ್ಲಿತ್ತು. ಸಿವಿಯಲ್ಲಿ ಮಾತ್ರ ಒಂದು ಸಾಲೂ ಇರಲಿಲ್ಲ. ಅದು ಆಳಿನ ಕೆಲಸ, ವಿಜ್ಞಾನ ಅಲ್ಲ ಅಂದುಕೊಂಡಿದ್ದೆ. ಎಂಥ ದಡ್ಡತನ ನೋಡು.

ಮುಂದಿನ ಸಲ ಅದನ್ನೇ ಮೊದಲ ಪುಟಕ್ಕೆ ತಂದೆ. 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂದದ್ದು ನಮ್ಮ ಧಾರವಾಡದಿಂದಲೇ ಅಂತಲೂ ಹೇಳಿದೆ, ಸ್ವಲ್ಪ ಜಂಬ ಇತ್ತು ಅನ್ನು. ಇಲ್ಲಿ ಹತ್ತಿ ಬೆಳೆಯೋದಿಲ್ಲ. ಸಕ್ಕರೆ ಬೀಟ್, ಗೋವಿನಜೋಳ, ಗೋಧಿ. ಆದರೆ ಅವರಿಗೆ ಬೇಕಿದ್ದದ್ದು ಬೆಳೆ ಅಲ್ಲ, ಪ್ರಯೋಗದ ಹೊಲ ನಡೆಸಿ ಗೊತ್ತಿದ್ದವರು.

ನಿನ್ನ ಕ್ಷೇತ್ರದಲ್ಲಿ ಇಂಥದ್ದು ಬೇಕಾದಷ್ಟಿದೆ. ಐನ್‌ಬೆಕ್‌ನ ಕೆಡಬ್ಲ್ಯುಎಸ್‌ನಂಥ ಬೀಜದ ಕಂಪನಿಗಳಲ್ಲಿ ಪ್ರಯೋಗ, ಡೇಟಾ, ತಳಿ ನೋಂದಣಿ ಎಲ್ಲಕ್ಕೂ ಜನ ಬೇಕು. ಹೊಸ ತಳಿ ಬೇರೆಯದೇ ಹೌದಾ, ಎಲ್ಲ ಗಿಡ ಒಂದೇ ಥರ ಇದೆಯಾ ಅಂತ ನೋಡುವ ಸರ್ಕಾರಿ ಕಚೇರಿ ಹಾನೋವರ್‌ನಲ್ಲಿದೆ, ಕಂಪನಿ ಕಡೆಯಿಂದ ಅದರ ಕಾಗದಪತ್ರ ನೋಡಿಕೊಳ್ಳೋದೇ ಒಂದು ಉದ್ಯೋಗ. ಲ್ಯಾಬ್ ಯಂತ್ರ ಮಾರುವವರಿಗೆ ಅದನ್ನು ಗಿರಾಕಿಗಳಿಗೆ ಕಲಿಸಿಕೊಡುವ ಪಿಎಚ್‌ಡಿಗಳು ಬೇಕು, ತಿರುಗಾಟ ಜಾಸ್ತಿ. ಜರ್ನಲ್ ಪ್ರಕಾಶಕರು ಇದ್ದಾರೆ. ಪ್ರಾಜೆಕ್ಟ್ ಅರ್ಜಿ ಬರೆಯೋಕೆ ಸಹಾಯ ಮಾಡುವ ಕಚೇರಿ ವಿಶ್ವವಿದ್ಯಾಲಯದಲ್ಲೇ ಇರುತ್ತದೆ. ಪೇಟೆಂಟ್ ಅಂದರೆ ಎಲ್ಲರೂ ಮ್ಯೂನಿಕ್‌ನ ಯುರೋಪಿಯನ್ ಪೇಟೆಂಟ್ ಆಫೀಸ್ ಅಂತಾರೆ, ಅಲ್ಲಿ ಪರೀಕ್ಷಕರಾಗೋಕೆ ಸದಸ್ಯ ದೇಶದ ಪೌರತ್ವ ಬೇಕು, ಭಾರತದ ಪಾಸ್‌ಪೋರ್ಟ್ ನಡೆಯೋದಿಲ್ಲ. ಪೇಟೆಂಟ್ ವಕೀಲರ ಆಫೀಸುಗಳಿಗೆ ಆ ತಡೆ ಇಲ್ಲ, ಆದರೆ ಜರ್ಮನ್ ಗಟ್ಟಿ ಇರಬೇಕು.

ಜರ್ಮನ್ ವಿಷಯದಲ್ಲಿ ನಾನು ಸೋಮಾರಿತನ ಮಾಡಿ ಎರಡು ವರ್ಷ ಕಳೆದುಕೊಂಡೆ. ಲ್ಯಾಬ್‌ನಲ್ಲಿ ಇಂಗ್ಲಿಷ್ ಸಾಕು, ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವವನ ಹತ್ತಿರ ಸಾಲದು. ಇನ್ನೊಂದು ಲಾಭವೂ ಇದೆ: ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ, ಸಿಕ್ಕ ಮೇಲೆ ಕಾಯಂ ವಾಸಕ್ಕೆ 27 ತಿಂಗಳು ಬೇಕು, ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21.

ಇವತ್ತೇ ನಿನ್ನ ಕಾಗದ ತೆಗೆದು ನೋಡು, ನಿನ್ನದು ಸಂಬಳದ ಕರಾರಾ, ಬರೀ ಸ್ಟೈಪೆಂಡಾ? ಕರಾರಾದರೆ ನಿರುದ್ಯೋಗ ವಿಮೆಗೆ ಸಂಬಳದಿಂದ ಹಿಡಿಯುತ್ತಾರೆ, 12 ತಿಂಗಳು ಕಟ್ಟಿದ್ದರೆ ಕೆಲಸ ಹೋದಾಗ ಕೈಗೆ ಬರುತ್ತಿದ್ದ ಸಂಬಳದ ಸುಮಾರು 60% ಕೆಲವು ತಿಂಗಳು ಸಿಗುತ್ತದೆ. ಸ್ಟೈಪೆಂಡ್‌ಗೆ ಅದೇನೂ ಇಲ್ಲ. ಕರಾರು ಮುಗಿಯುವ 3 ತಿಂಗಳು ಮೊದಲೇ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಬೇಕು, ಮರೆಯಬೇಡ. ಸಂಶೋಧಕರ ವಾಸದ ಪರವಾನಗಿಯಲ್ಲಿ ಬಂದಿದ್ದರೆ, ಆಮೇಲೆ ಕೆಲಸ ಹುಡುಕೋಕೆ 9 ತಿಂಗಳವರೆಗೆ ಇಲ್ಲೇ ಇರಬಹುದು.

ಸಿವಿ ಎರಡು ಪುಟಕ್ಕೆ ಇಳಿಸಿ ಕಳಿಸು, ಹೊಲದ ಕೆಲಸ ಮೇಲೆ ಇರಲಿ. ಸಂಜೆ ಜರ್ಮನ್ ಕ್ಲಾಸಿಗೆ ಸೇರಿದ್ದೀಯಾ ಇಲ್ಲವಾ ಅಂತಲೂ ಅದರ ಜೊತೆಗೇ ಬರೆ.