ಓದುಗರ ಪ್ರಶ್ನೆ: ಗಡಿಗೋಡೆಗೆ ಮೈಲಿಗೊಂದು ಪುಟ್ಟ ಕೋಟೆ

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನಲ್ಲಿ ಹಳೆಯ ಕಡಂಗವೊಂದಿದೆ, ಅಂದರೆ ಮಣ್ಣಿನ ಏರಿಯುಳ್ಳ ಕಂದಕ. ಶತ್ರುಗಳನ್ನು ತಡೆಯಲೆಂದೇ ಅದನ್ನು ತೋಡಿದರೆಂದು ಹಿರಿಯರು ಹೇಳುತ್ತಾರೆ. ರೋಮನ್ನರು ಬ್ರಿಟನ್ನಿನಲ್ಲಿ ಕಟ್ಟಿದ ಗಡಿಗೋಡೆಗೆ ಮೈಲಿಗೊಂದು ಪುಟ್ಟ ಕೋಟೆ ಇತ್ತಂತೆ. ಹತ್ತಿಪ್ಪತ್ತು ಸೈನಿಕರಿದ್ದ ಅಂಥ ಕೋಟೆ ಒಂದು ದಂಡನ್ನು ತಡೆಯಬಲ್ಲುದಾಗಿತ್ತೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಲ್ಲ, ಅದು ಅದರ ಕೆಲಸವೂ ಆಗಿರಲಿಲ್ಲ. ಚಕ್ರವರ್ತಿ ಹೇಡ್ರಿಯನ್ನನ ಕಾಲದಲ್ಲಿ, ಕ್ರಿ.ಶ. 122ರ ಸುಮಾರಿಗೆ ಆರಂಭವಾದ ಈ ಗೋಡೆ ಉತ್ತರ ಇಂಗ್ಲೆಂಡಿನಲ್ಲಿ ಕಡಲಿನಿಂದ ಕಡಲಿಗೆ ಸುಮಾರು 117 ಕಿಲೋಮೀಟರ್ ಹಾಯುತ್ತದೆ. ರೋಮನ್ ಮೈಲಿಗೆ, ಅಂದರೆ ಸುಮಾರು 1,480 ಮೀಟರಿಗೆ ಒಂದರಂತೆ ಪುಟ್ಟ ಕೋಟೆಗಳು, ಅವುಗಳ ನಡುವೆ ಎರಡೆರಡು ಕಾವಲುಗೋಪುರಗಳು. ಈ ಪುಟ್ಟ ಕೋಟೆಗಳನ್ನು ಇಂದಿನ ವಿದ್ವಾಂಸರು ಮೈಲ್‌ಕ್ಯಾಸಲ್ ಎನ್ನುತ್ತಾರೆ. ಹೆಸರು ಕೇಳಿ ಮಡಿಕೇರಿ ಕೋಟೆಯನ್ನು ನೆನೆಯಬೇಡಿ. ಸುಮಾರು 15ಕ್ಕೆ 18 ಮೀಟರಿನ ಆ ಆವರಣ ನಮ್ಮ ಕಾಫಿ ಕಣದಷ್ಟೇ ಇರುತ್ತಿತ್ತು.

ಅದರ ಗುಟ್ಟು ಬಾಗಿಲುಗಳಲ್ಲಿದೆ. ದಕ್ಷಿಣಕ್ಕೊಂದು, ಉತ್ತರಕ್ಕೊಂದು ಬಾಗಿಲಿದ್ದು, ಗಡಿ ದಾಟುವ ಜನರೂ ದನಗಳೂ ಕಾವಲಿನವರ ಕಣ್ಣೆದುರೇ ಹಾದುಹೋಗಬೇಕಿತ್ತು. ಹಾಗಾಗಿ ಅದನ್ನು ಕೋಟೆ ಎನ್ನುವುದಕ್ಕಿಂತ ನಮ್ಮ ಹಳೆಯ ಮಾತಿನಲ್ಲಿ ಉಕ್ಕಡ, ಅಂದರೆ ಗಡಿಯ ಕಾವಲು ಠಾಣೆ, ಎನ್ನುವುದೇ ಸರಿ. ದಂಡು ಬಂದರೆ ಎದುರಿಸಲು ಹೌಸ್‌ಸ್ಟೆಡ್ಸ್‌ನಂಥ, ನೂರಾರು ಸೈನಿಕರ ದೊಡ್ಡ ಕೋಟೆಗಳಿದ್ದವು.

ಹೌಸ್‌ಸ್ಟೆಡ್ಸ್‌ನ ಪಕ್ಕದಲ್ಲೇ ಇರುವ 37ನೆಯ ಮೈಲ್‌ಕ್ಯಾಸಲ್ ನೋಡಲು ಸ್ವಾರಸ್ಯಕರ. ಅದರ ಉತ್ತರ ಬಾಗಿಲು ತೆರೆಯುವುದು ಕಡಿದಾದ ಇಳಿಜಾರಿಗೆ! ಮೈಲಿಗೊಂದು ಬಾಗಿಲೆಂದು ಅಪ್ಪಣೆಯಾದ ಮೇಲೆ ನೆಲ ಹೇಗಿದ್ದರೇನು? ಸರ್ಕಾರಿ ನಕ್ಷೆಯ ಈ ಹಠ ನಮಗೂ ಹೊಸತಲ್ಲ. ಮುಂದೆ ಆ ಬಾಗಿಲನ್ನು ಕಲ್ಲು ಕಟ್ಟಿ, ನಡೆದು ಹೋಗುವವರಿಗಷ್ಟೇ ಸಾಕಾಗುವಂತೆ ಕಿರಿದು ಮಾಡಿದರು. 48ನೆಯದಾದ ಪೋಲ್ಟ್ರಾಸ್ ಬರ್ನ್‌ನಲ್ಲಿ ಎರಡು ಸಾಲು ವಸತಿ ಕೋಣೆಗಳೂ, ಒಂದು ಒಲೆಯೂ, ಕೆಲವೇ ಮೆಟ್ಟಿಲುಗಳೂ ಉಳಿದಿವೆ. ಆ ಮೆಟ್ಟಿಲುಗಳ ಏರಿಕೆಯನ್ನು ಹಿಡಿದೇ, ಗೋಡೆಯ ಮೇಲಿನ ನಡೆದಾರಿ ಸುಮಾರು 3.6 ಮೀಟರ್ ಎತ್ತರದಲ್ಲಿದ್ದಿರಬಹುದೆಂದು ಲೆಕ್ಕ ಹಾಕಿದ್ದಾರೆ. ಅಲ್ಲಿ ಸುಮಾರು 30 ಮಂದಿ ಇದ್ದಿರಬಹುದು. ಬೇರೆಡೆ ಎಂಟು ಹತ್ತು ಮಂದಿಗಷ್ಟೇ ಸಾಲುವ ಒಂದೇ ಸಣ್ಣ ಕಟ್ಟಡ.

ನಿಮ್ಮ ಕಡಂಗಕ್ಕೆ ಹತ್ತಿರವಾದದ್ದು ಈ ಗೋಡೆಯ ಪಶ್ಚಿಮ ಭಾಗ. ಅರ್ಥಿಂಗ್ ನದಿಯಿಂದಾಚೆ ಅದನ್ನು ಮೊದಲು ಕಟ್ಟಿದ್ದು ಕಲ್ಲಿನಿಂದಲ್ಲ, ಹುಲ್ಲುಹೆಂಟೆಗಳಿಂದ. ಅಲ್ಲಿನ ಪುಟ್ಟ ಕೋಟೆಗಳೂ ಹೆಂಟೆ ಮತ್ತು ಮರದವೇ ಆಗಿದ್ದು, ಕಲ್ಲು ಬಂದದ್ದು ಆಮೇಲೆ.